ಹಸುಗಳನ್ನು ಒಟ್ಟಿಗೆ ಬೆದೆಗೆ ತರುವ ಕ್ರಮ

(ಮಳವಳ್ಳಿ ತಾಲ್ಲೂಕು ಬ್ಲಫ್‌ನಲ್ಲಿ ಹಿಡುವಳಿದಾರರಿಗೂ ಗ್ರಾಮದ ಯಜಮಾನರಿಗೂ ಮಾಡಿದ ಉಪನ್ಯಾಸ)



ಕಾವೇರಿ ನದಿಯು ಶಿವನಸಮುದ್ರದ ಬಳಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿ ಎಂಬ ಎರಡು ಕಡೆಗಳಲ್ಲಿ ಧುಮುಕುವುದು ಈ ಸೀಮೆಯವರೆಲ್ಲರೂ ಬಲ್ಲ ಸಂಗತಿ. ಆ ನೀರು ಎಷ್ಟೋ ಕಾಲ ಹಾಗೆಯೇ ಬಿದ್ದು ಹರಿದುಹೋಗುತ್ತಿದ್ದಿತು. ಅದನ್ನು ಅಳತೆಯಿಂದ ತಿರುಗಿಸಿ, ಕೊಳವೆಗಳಲ್ಲಿ ಇಳಿಸಿ, ಯಂತ್ರಗಳ ಮೇಲೆ ಬಿಡುವ ಏರ್ಪಾಡು ಆದ ಮೇಲೆ, ೧೯೦೨ನೆಯ ಇಸವಿಯಲ್ಲಿ, ಇಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಸಾಗಿತು. ನದಿಯೇನೂ ಹೊಸದಾಗಿ ಹುಟ್ಟಲಿಲ್ಲ. ಇದ್ದ ನದಿಗೆ ಒಂದು ಕ್ರಮವನ್ನು ಗೊತ್ತುಮಾಡಿದುದರಿಂದ ಅದು ಕೆಲಸಕ್ಕೆ ಬಂದಿತು. ಹಾಗೆಯೇ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಡುವ ದಿನವು ಗೊತ್ತಾದರೆ ಊರಿನವರೆಲ್ಲರೂ ಒಂದೇ ಸಮಯಕ್ಕೆ ಒಟ್ಟಲು ಹಾಕಿ, ಒಂದೇ ಸಮಯಕ್ಕೆ ನಾಟಿ ಮಾಡಿ, ಒಂದೇ ಸಮಯಕ್ಕೆ ಕೊಯ್ಯುವರು. ಗದ್ದೆಗೆ ಇರುವ ಈ ಕ್ರಮವು ಕೊಟ್ಟಿಗೆಗೆ ಮಾತ್ರ ಇಲ್ಲ. ಒಬ್ಬರ ಹಸು ಇಂದು ಬೆದೆಗೆ ಬಂದರೆ ಇನ್ನೊಬ್ಬರದು ಹತ್ತು ದಿನ ಬಿಟ್ಟು ಬರುವುದು; ಮತ್ತೊಬ್ಬರದು ಬಂದುದೇ ತಿಳಿಯದೆ ಹೋಗುವುದು. ಊರಿನ ಹಸುಗಳನ್ನು ಗೊತ್ತಾದ ದಿನಗಳಲ್ಲಿ ಒಟ್ಟಿಗೆ ಬೆದೆಗೆ ತಂದು ಕೃತಕ ಗರ್ಭಧಾರಣೆ ಮಾಡಿಸುವ ಕ್ರಮವೊಂದು ಉಂಟು. ಅದರ ಪ್ರಯೋಜನವನ್ನೂ, ಅದರಲ್ಲಿರುವ ಅಪಾಯವನ್ನೂ ತಿಳಿಸುವುದೇ ಈ ಉಪನ್ಯಾಸದ ಉದ್ದೇಶ.

೧. ಕಳೆದುಹೋಗುವ ಇಪ್ಪತ್ತೊಂದು ದಿನ

ಹಸುವು ಸುಮಾರು ೨೮೦ ದಿನ ಗಬ್ಬವನ್ನು ಹೊರುವುದು. ವರ್ಷಕ್ಕೊಂದು ಕರು ಬೇಕಾದರೆ ಈದ ಮೇಲೆ ೮೫ ದಿನಗಳೊಳಗೆ ಅದು ಪುನಃ ಗಬ್ಬವಾಗಬೇಕು. ಇದರಲ್ಲಿ ಮೊದಲಿನ ೬೦ ದಿನಗಳು ಗರ್ಭಕೋಶವು ಮೊದಲಿನ ಸ್ಥಿತಿಗೆ ಬರುವುದಕ್ಕೆ ಬೇಕು. ಉಳಿಯುವುದು ೨೫ ದಿನ ಮಾತ್ರ. ಹಸುವು ಸಾಮಾನ್ಯವಾಗಿ ೨೧ ದಿನಗಳಿಗೊಮ್ಮೆ ಬೆದೆಗೆ ಬರುವುದರಿಂದ, ಈ ಅವಧಿಯಲ್ಲಿ ರೈತನಿಗೆ ದೊರೆಯುವುದು ಹೆಚ್ಚೆಂದರೆ ಎರಡು ಅವಕಾಶ, ಅನೇಕ ವೇಳೆ ಒಂದೇ.

ಆ ಬೆದೆಯಾದರೂ ದೀರ್ಘಕಾಲ ಇರುವುದಿಲ್ಲ. ಹನ್ನೆರಡರಿಂದ ಹದಿನೆಂಟು ಗಂಟೆಗಳಲ್ಲಿ ಮುಗಿಯುತ್ತದೆ. ಇತರ ರಾಸುಗಳು ಮೇಲೆ ಹತ್ತಿದಾಗ ಓಡದೆ ನಿಲ್ಲುವುದೇ ಬೆದೆಯ ನಿಜವಾದ ಗುರುತು. ಕೂಗುವುದು, ಮೇವು ಬಿಡುವುದು, ಹಾಲು ಕಡಿಮೆಯಾಗುವುದು, ಮೊಟ್ಟೆಯ ಬಿಳಿಯ ಭಾಗದಂತಹ ತಿಳಿಯಾದ ಲೋಳೆಯು ಸೋರುವುದು, ಇವು ಅದರ ಜೊತೆಗೆ ಕಾಣುವ ಲಕ್ಷಣಗಳು. ಕೊಟ್ಟಿಗೆಯಲ್ಲಿ ಒಂಟಿಯಾಗಿ ಕಟ್ಟಿದ ಹಸುವಿಗೆ ಮೇಲೆ ಹತ್ತುವ ರಾಸು ಎಲ್ಲಿಂದ ಬರಬೇಕು? ರೈತನು ಬೆಳಗಿನಿಂದ ಗದ್ದೆಯಲ್ಲಿದ್ದು ಸಂಜೆ ಮನೆಗೆ ಬರುವಷ್ಟರಲ್ಲಿ ಗುರುತು ಅಳಿಸಿಹೋಗಿರುವುದು. ಎಮ್ಮೆಗಳಲ್ಲಿ ಕಷ್ಟವು ಇನ್ನೂ ಹೆಚ್ಚು. ಅವುಗಳ ಬೆದೆಯು ಮೂಕಬೆದೆ. ಲಕ್ಷಣಗಳು ಕಂಡರೂ ಹೆಚ್ಚಾಗಿ ರಾತ್ರಿಯಲ್ಲಿಯೂ ನಸುಕಿನಲ್ಲಿಯೂ ಕಾಣುವುವು.

ಹೀಗೆ ತಪ್ಪಿದ ಒಂದೊಂದು ಬೆದೆಗೂ ೨೧ ದಿನಗಳು ನಷ್ಟ. ಎರಡು ಸಲ ತಪ್ಪಿದರೆ ೪೨ ದಿನ. ಅಷ್ಟು ದಿನವೂ ಹಸುವು ಮೇವು ತಿನ್ನುವುದನ್ನು ಬಿಡುವುದಿಲ್ಲ. ಮುಂದಿನ ಕರುವೂ ಹಾಲೂ ಮಾತ್ರ ಅಷ್ಟು ಹಿಂದೆ ಬೀಳುತ್ತವೆ. ಗೊಡ್ಡು ಎಂದು ಸಂತೆಗೆ ಹೊಡೆಯುವ ಹಸುಗಳಲ್ಲಿ ಎಷ್ಟೋ ಗೊಡ್ಡಲ್ಲ. ಬೆದೆಯನ್ನು ಕಂಡವರಿಲ್ಲದೆ ಕೆಟ್ಟವು.

೨. ಕೃತಕ ಗರ್ಭಧಾರಣೆಯು ಈ ಸೀಮೆಗೆ ಹೊಸದಲ್ಲ

ಭಾರತದಲ್ಲಿ ಕೃತಕ ಗರ್ಭಧಾರಣೆಯು ಮೊದಲು ನಡೆದದ್ದು ಮೈಸೂರಿನಲ್ಲಿಯೇ ಎಂಬುದನ್ನು ಇಲ್ಲಿಯವರು ಅಭಿಮಾನದಿಂದ ನೆನೆಯಬಹುದು. ೧೯೩೯ರಲ್ಲಿ ಮೈಸೂರು ಅರಮನೆಯ ಹಾಲಿನ ಫಾರಮಿನಲ್ಲಿ ಡಾಕ್ಟರ್ ಸಂಪತ್ ಕುಮಾರನ್ ಎಂಬವರು ಹಾಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ಕೊಟ್ಟು ೩೩ ಹಸುಗಳು ಗಬ್ಬವಾಗುವಂತೆ ಮಾಡಿದರು. ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆಯು ಏರ್ಪಟ್ಟದ್ದೂ ಅದೇ ವರ್ಷ. ೧೯೪೨ರಲ್ಲಿ ಇಜ್ಜತ್‌ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ಈ ವಿಷಯದ ಪ್ರಯೋಗಗಳು ಮೊದಲಾದುವು. ಅದರ ಪ್ರಾಂತ ಕೇಂದ್ರಗಳಲ್ಲೊಂದು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ೧೯೪೩ರಲ್ಲಿ ಅಲಹಾಬಾದಿನಲ್ಲಿ ಈ ರೀತಿಯಿಂದ ಮೊದಲ ಎಮ್ಮೆಯ ಕರು ಹುಟ್ಟಿತು.

ಆಗ ವೀರ್ಯವನ್ನು ಬಹಳ ದಿನ ಇಡುವಂತಿರಲಿಲ್ಲ; ಹೋರಿಯಿರುವ ಸ್ಥಳಕ್ಕೆ ಸಮೀಪದ ಹಸುಗಳಿಗೆ ಮಾತ್ರ ಉಪಯೋಗವಾಗುತ್ತಿತ್ತು. ಈಗ ಅದನ್ನು ಸಣ್ಣ ಕಡ್ಡಿಯಂತಹ ಕೊಳವೆಗಳಲ್ಲಿ ತುಂಬಿ, ದ್ರವ ಸಾರಜನಕದಲ್ಲಿ, ಶೂನ್ಯಕ್ಕೆ ಕೆಳಗೆ ೧೯೬ ಡಿಗ್ರಿ ಸೆಂಟಿಗ್ರೇಡಿನಲ್ಲಿ ಹೆಪ್ಪುಗಟ್ಟಿಸಿ ವರ್ಷಗಟ್ಟಲೆ ಇಡುತ್ತಾರೆ. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಇದನ್ನು ತಯಾರಿಸುವ ಕೇಂದ್ರಗಳಿವೆ. ಆದುದರಿಂದ ಒಳ್ಳೆಯ ಹೋರಿಯ ವೀರ್ಯವು ದೊರೆಯುವುದು ಈಗ ಕಷ್ಟವಲ್ಲ. ಹಸುವಿನ ಬೆದೆಯೂ, ಕೆಲಸಗಾರನ ಬರವೂ, ವೀರ್ಯದ ಕಡ್ಡಿಯೂ ಒಂದೇ ಗಳಿಗೆಯಲ್ಲಿ ಸೇರುವುದೇ ಕಷ್ಟ. ಒಟ್ಟಿಗೆ ಬೆದೆಗೆ ತರುವ ಕ್ರಮವು ಈ ಕಷ್ಟಕ್ಕೆ ಪರಿಹಾರ.

೩. ಹಸುವಿನೊಳಗೆ ನಡೆಯುವ ಕಾರ್ಯ

ಬೆದೆಯು ಮುಗಿದ ಹತ್ತು ಹನ್ನೆರಡು ಗಂಟೆಗಳ ಮೇಲೆ ಅಂಡಾಶಯದಿಂದ ಅಂಡವು ಬಿಡುಗಡೆಯಾಗುತ್ತದೆ. ಆ ಕಾರಣದಿಂದಲೇ ಬೆಳಿಗ್ಗೆ ಬೆದೆ ಕಂಡ ಹಸುವಿಗೆ ಅದೇ ಸಂಜೆಯೂ, ಸಂಜೆ ಕಂಡ ಹಸುವಿಗೆ ಮಾರನೆಯ ಬೆಳಿಗ್ಗೆಯೂ ವೀರ್ಯ ಕೊಡಿಸಬೇಕೆಂಬ ನಿಯಮವಿದೆ. ಅಂಡವು ಹೊರಟ ಸ್ಥಳದಲ್ಲಿ ಹಳದಿಯ ಗಂಟೊಂದು ಬೆಳೆಯುತ್ತದೆ. ಈ ಗಂಟು ಒಂದು ರಸವನ್ನು ರಕ್ತಕ್ಕೆ ಬಿಡುತ್ತಿರುವವರೆಗೂ ಹಸುವು ಪುನಃ ಬೆದೆಗೆ ಬಾರದು. ಗಬ್ಬ ನಿಂತಿದ್ದರೆ ಗಂಟು ಹಾಗೆಯೇ ಉಳಿದು ಕರುವನ್ನು ಕಾಪಾಡುವುದು. ಗಬ್ಬ ನಿಲ್ಲದಿದ್ದರೆ ಸುಮಾರು ೧೭ನೆಯ ದಿನ ಗರ್ಭಕೋಶವು ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ಕಳುಹಿಸಿ ಆ ಗಂಟನ್ನು ಕರಗಿಸುವುದು. ಹಸುವು ಮತ್ತೆ ಬೆದೆಗೆ ಬರುವುದು.

ಇದನ್ನು ತೂಬಿಗೆ ಹೋಲಿಸಬಹುದು. ಹಳದಿ ಗಂಟು ಇರುವವರೆಗೆ ತೂಬು ಮುಚ್ಚಿದೆ; ಅದು ಕರಗಿದರೆ ತೂಬು ತೆರೆಯಿತು. ಪ್ರೊಸ್ಟಾಗ್ಲಾಂಡಿನನ್ನು ಚುಚ್ಚುಮದ್ದಿನಿಂದ ಕೊಟ್ಟರೆ, ಗೊತ್ತುಮಾಡಿದ ದಿನದಲ್ಲಿಯೇ ಎಲ್ಲ ಹಸುಗಳ ತೂಬನ್ನೂ ತೆರೆದಂತಾಗುವುದು. ಈ ಕ್ರಮದ ಮರ್ಮವೂ ಇದೇ, ಅಪಾಯವೂ ಇದೇ.

೪. ಬಳಕೆಯಲ್ಲಿರುವ ಮೂರು ಕ್ರಮಗಳು

ಮೊದಲನೆಯದು, ಪ್ರೊಸ್ಟಾಗ್ಲಾಂಡಿನನ್ನು ೧೧ ದಿನಗಳ ಅಂತರದಲ್ಲಿ ಎರಡು ಸಲ ಕೊಡುವುದು. ಗಂಟು ಬೆಳೆಯುವ ಮೊದಲ ಐದು ದಿನಗಳಲ್ಲಿ ಮದ್ದು ನಾಟುವುದಿಲ್ಲ. ೧೭ನೆಯ ದಿನದ ಮೇಲೆ ಗಂಟು ತಾನಾಗಿಯೇ ಕರಗುತ್ತಿರುವುದು. ಆದುದರಿಂದ ಒಂದೇ ಸಲ ಕೊಟ್ಟರೆ ಕೆಲವು ಹಸುಗಳು ಮಾತ್ರ ಒಲಿಯುವುವು. ಹನ್ನೊಂದು ದಿನ ಬಿಟ್ಟು ಎರಡನೆಯ ಸಲ ಕೊಡುವ ವೇಳೆಗೆ ಎಲ್ಲ ಹಸುಗಳಲ್ಲಿಯೂ ಗಂಟು ಬಲಿತಿರುವುದರಿಂದ, ಎಲ್ಲವೂ ಎರಡರಿಂದ ಐದು ದಿನಗಳೊಳಗೆ ಬೆದೆಗೆ ಬರುವುವು. ಬೆದೆ ಕಂಡು ವೀರ್ಯ ಕೊಡಿಸುವುದು ಉತ್ತಮ. ಇಲ್ಲವಾದರೆ ೭೨ನೆಯ ಗಂಟೆಗೊಮ್ಮೆ, ೯೬ನೆಯ ಗಂಟೆಗೊಮ್ಮೆ ಕೊಡಿಸುವರು.

ಎರಡನೆಯದು, ೧೯೯೫ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದವರು ಪ್ರಕಟಿಸಿದ ಕ್ರಮ. ಇದರಲ್ಲಿ ಬೆದೆಯನ್ನು ನೋಡುವ ಅಗತ್ಯವೇ ಇಲ್ಲ. ಮೊದಲ ದಿನ ಅಂಡವನ್ನು ಬಿಡಿಸುವ ಹಾರ್ಮೋನು, ಅದಾಗಿ ಏಳು ದಿನಕ್ಕೆ ಪ್ರೊಸ್ಟಾಗ್ಲಾಂಡಿನ್, ಅದಾಗಿ ಎರಡು ದಿನಕ್ಕೆ ಪುನಃ ಮೊದಲಿನ ಹಾರ್ಮೋನು, ಅಲ್ಲಿಂದ ೧೬ ರಿಂದ ೨೦ ಗಂಟೆಗಳೊಳಗೆ ವೀರ್ಯ. ವಾರದ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಸೋಮವಾರ, ಮರುಸೋಮವಾರ, ಆ ವಾರದ ಬುಧವಾರ ಸಂಜೆ ಮದ್ದು. ಗುರುವಾರ ಹೊತ್ತೇರುವುದರೊಳಗೆ ಗರ್ಭಧಾರಣೆ. ಸೋಮವಾರ ಆರು ಕಟ್ಟದ ವಾಡಿಕೆಯು ಅನೇಕ ಗ್ರಾಮಗಳಲ್ಲಿ ಇರುವುದರಿಂದ ಆ ದಿನ ರಾಸುಗಳನ್ನು ಸೇರಿಸುವುದೂ ಅನುಕೂಲ.

ಮೂರನೆಯದು, ಹಳದಿ ಗಂಟು ಬಿಡುವ ರಸವನ್ನೇ ತುಂಬಿದ ಸಾಧನವೊಂದನ್ನು ಯೋನಿಯೊಳಗೆ ಏಳೆಂಟು ದಿನ ಇರಿಸಿ, ತೆಗೆಯುವ ವೇಳೆಗೆ ಪ್ರೊಸ್ಟಾಗ್ಲಾಂಡಿನ್ ಕೊಡುವುದು. ಈದ ಮೇಲೆ ಬಹುಕಾಲ ಬೆದೆಯೇ ಕಾಣದ ಹಸುಗಳಿಗೂ ಎಮ್ಮೆಗಳಿಗೂ ಇದು ಹೆಚ್ಚು ಉಪಯುಕ್ತ. ಯಾವ ರಾಸಿಗೆ ಯಾವ ಕ್ರಮವೆಂಬುದನ್ನು ಪಶುವೈದ್ಯರು ಪರೀಕ್ಷಿಸಿ ನಿರ್ಧರಿಸತಕ್ಕದ್ದು. ಅಂಗಡಿಯಲ್ಲಿ ಮದ್ದು ಕೊಂಡು ಕಂಡವರ ಕೈಯಿಂದ ಚುಚ್ಚಿಸುವುದು ಕೂಡದು.

೫. ಮದ್ದಿಗೆ ಮೊದಲು ಆಗಬೇಕಾದ ಪರೀಕ್ಷೆ

ಹಸುವು ಗಬ್ಬವಿಲ್ಲವೆಂಬುದು ನಿಶ್ಚಯವಾದ ಹೊರತು ಪ್ರೊಸ್ಟಾಗ್ಲಾಂಡಿನ್ ಕೊಡಿಸಲೇಬಾರದು. ಗಬ್ಬದ ಹಸುವಿಗೆ ಕೊಟ್ಟರೆ ಕರುವನ್ನು ಕಾಯುತ್ತಿದ್ದ ಗಂಟು ಕರಗಿ ಹಸುವು ಕಂದು ಹಾಕುವುದು. ಬೆದೆಗೆ ಬಾರದ ಹಸುಗಳೆಂದು ಹೊಡೆದು ತಂದ ರಾಸುಗಳಲ್ಲಿ ಕೆಲವು ಬೆದೆಗೆ ಬಾರದೆ ಇರುವುದಕ್ಕೆ ಗಬ್ಬವೇ ಕಾರಣವಾಗಿರಬಹುದು. ಮೇಯಲು ಬಿಟ್ಟಾಗ ಊರಿನ ಹೋರಿಯು ಹತ್ತಿರುವುದು ಯಜಮಾನನಿಗೆ ತಿಳಿಯದಿರಬಹುದು.

ಇಂಥ ಶಿಬಿರಗಳಲ್ಲಿ ನಡೆಯಬಹುದಾದ ಸಂಭಾಷಣೆಯೊಂದನ್ನು ಇಲ್ಲಿ ಹೇಳಬಹುದು.

“ಯಜಮಾನರೇ, ಹಸುವು ಕಡೆಯ ಸಲ ಬೆದೆಗೆ ಬಂದದ್ದು ಯಾವಾಗ?” ಎಂದು ವೈದ್ಯರು ಕೇಳುತ್ತಾರೆ.

“ನನಗೆ ನೆನಪಿಲ್ಲ ಸ್ವಾಮಿ. ಮನೆಯಲ್ಲಿ ಹೆಂಗಸರಿಗೆ ಗೊತ್ತಿದ್ದೀತು.”

“ಹಾಗಾದರೆ ಅವರನ್ನು ಕೇಳಿಕೊಂಡು ಬನ್ನಿ. ಅಲ್ಲಿಯವರೆಗೆ ಈ ಹಸುವಿಗೆ ಸೂಜಿ ತಾಗಿಸುವುದಿಲ್ಲ.”

ಈ ಮಾತಿನಲ್ಲಿ ಯಜಮಾನನಿಗೆ ಅಗೌರವವೇನೂ ಇಲ್ಲ. ಹಾಲು ಕರೆಯುವವರೂ, ಸಗಣಿ ಬಾಚುವವರೂ, ಮೇವು ಹಾಕುವವರೂ ಬಹುಮಟ್ಟಿಗೆ ಮನೆಯ ಹೆಂಗಸರೇ ಆಗಿರುವುದರಿಂದ, ಹಸುವು ಯಾವ ದಿನ ಕೂಗಿತು, ಯಾವ ದಿನ ಲೋಳೆ ಸೋರಿತು ಎಂಬುದು ಅವರಿಗೇ ತಿಳಿದಿರುವುದು. ಅವರನ್ನು ವಿಚಾರಿಸದೆ ರಾಸನ್ನು ಶಿಬಿರಕ್ಕೆ ತರಬಾರದು. ತಂದ ಮೇಲೂ ವೈದ್ಯರು ಕೈಯಿಟ್ಟು ಗರ್ಭಪರೀಕ್ಷೆ ಮಾಡಿಯೇ ತೀರಬೇಕು. ಸಂದೇಹವಿದ್ದ ಹಸುವನ್ನು ಹಾಗೆಯೇ ಹಿಂದಕ್ಕೆ ಕಳುಹಿಸತಕ್ಕದ್ದು. ತಡವಾದರೆ ಹೋಗುವುದು ಕೆಲವು ದಿನ. ಆತುರಪಟ್ಟರೆ ಹೋಗುವುದು ಹೊಟ್ಟೆಯಲ್ಲಿರುವ ಕರು.

ಈ ಮದ್ದು ಮನುಷ್ಯರ ಚರ್ಮದ ಮೂಲಕವೂ ಒಳಗೆ ಸೇರತಕ್ಕದ್ದು. ಗರ್ಭಿಣಿಯರೂ ಉಬ್ಬಸದ ರೋಗವುಳ್ಳವರೂ ಇದರ ಸೀಸೆಯನ್ನೂ ಸೂಜಿಯನ್ನೂ ಮುಟ್ಟಬಾರದು. ಯಾರ ಕೈಗಾದರೂ ತಾಗಿದರೆ ಕೂಡಲೇ ಸಾಬೂನಿನಿಂದ ತೊಳೆಯಬೇಕು.

೬. ಮದ್ದು ಮಾಡಲಾರದ ಕೆಲಸ

ಮದ್ದು ದಿನವನ್ನು ಕೂಡಿಸುತ್ತದೆಯೇ ಹೊರತು ಹಸುವಿಗೆ ಶಕ್ತಿಯನ್ನು ಕೊಡುವುದಿಲ್ಲ. ಪಕ್ಕೆಲುಬು ಎಣಿಸುವಂತಿರುವ ಹಸುವಿಗೆ ಎಷ್ಟು ಸೂಜಿ ಚುಚ್ಚಿದರೂ ಗಬ್ಬ ನಿಲ್ಲದು. ನಾಲೆಯ ಬಯಲಿನಲ್ಲಿ ಭತ್ತದ ಹುಲ್ಲು, ಕಬ್ಬಿನ ಸೋಗೆ ಇವುಗಳ ಮೇಲೆಯೇ ರಾಸುಗಳನ್ನು ಸಾಕುವ ವಾಡಿಕೆಯುಂಟು. ಭತ್ತದ ಹುಲ್ಲಿನಲ್ಲಿ ರಂಜಕವು ಬಹಳ ಕಡಿಮೆ. ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶವು ಸುಣ್ಣದ ಸತ್ವವು ಮೈಗೆ ಹತ್ತದಂತೆ ತಡೆಯುತ್ತದೆ. ಆದುದರಿಂದ ಶಿಬಿರಕ್ಕೆ ಎರಡು ತಿಂಗಳು ಮೊದಲಿನಿಂದಲೇ ದಿನಕ್ಕೆ ಸುಮಾರು ೫೦ ಗ್ರಾಂ ಖನಿಜ ಮಿಶ್ರಣವನ್ನೂ, ಸಾಧ್ಯವಾದಷ್ಟು ಹಸಿರು ಮೇವನ್ನೂ, ಹಿಂಡಿಯನ್ನೂ ಕೊಡತಕ್ಕದ್ದು. ಜಂತುಹುಳುವಿಗೆ ಔಷಧ ಕುಡಿಸಿರಬೇಕು. ಈದು ೬೦ ದಿನ ತುಂಬದ ಹಸು, ಕೀವಿನಂತಹ ಲೋಳೆ ಸೋರುವ ಹಸು, ಬಲಿಯದ ಕಡಸು, ಇವನ್ನು ಸೇರಿಸಬಾರದು.

ಹೀಗೆ ಎಲ್ಲವನ್ನೂ ಮಾಡಿದರೂ ಎಲ್ಲ ಹಸುಗಳೂ ಒಂದೇ ಸಲಕ್ಕೆ ಗಬ್ಬ ನಿಲ್ಲುತ್ತವೆಂದು ನಂಬಬಾರದು. ಒಳ್ಳೆಯ ಆರೈಕೆಯಲ್ಲಿಯೂ ಅರ್ಧಕ್ಕೆ ಹೆಚ್ಚಿನ ಹಸುಗಳು ಮೊದಲ ಸಲ ಉಳಿದುಬಿಡುವುದುಂಟು. ಅದರಿಂದ ನಿರಾಶರಾಗಲು ಕಾರಣವಿಲ್ಲ. ಉಳಿದ ಹಸುಗಳು ೧೮ ರಿಂದ ೨೪ ದಿನಗಳೊಳಗೆ ಬಹುಮಟ್ಟಿಗೆ ಒಟ್ಟಿಗೇ ಪುನಃ ಬೆದೆಗೆ ಬರುವುದರಿಂದ, ಆ ವಾರದಲ್ಲಿ ಮನೆಯವರು ಬೆಳಿಗ್ಗೆಯೂ ಸಂಜೆಯೂ ಕಣ್ಣಿಟ್ಟು ನೋಡಿದರೆ ಎರಡನೆಯ ಅವಕಾಶವು ಮದ್ದಿಲ್ಲದೆಯೇ ದೊರೆಯುವುದು. ಬೆದೆ ಕಾಣದ ಹಸುಗಳನ್ನು ಎರಡು ಮೂರು ತಿಂಗಳಿಗೆ ಗರ್ಭಪರೀಕ್ಷೆ ಮಾಡಿಸತಕ್ಕದ್ದು.

೭. ಯಾವ ತಿಂಗಳು, ಯಾವ ಹೋರಿ

ಒಟ್ಟಿಗೆ ಗಬ್ಬವಾದ ಹಸುಗಳು ಒಟ್ಟಿಗೇ ಈಯುವುವು. ಆದುದರಿಂದ ತಿಂಗಳನ್ನು ಆರಿಸುವುದರಲ್ಲಿ ಮುಂದಾಲೋಚನೆ ಬೇಕು. ನವೆಂಬರ್ ಮೊದಲಲ್ಲಿ ಗಬ್ಬವಾದ ಹಸುವು ಆಗಸ್ಟ್ ಎರಡನೆಯ ವಾರದ ವೇಳೆಗೂ, ೩೧೦ ದಿನ ಹೊರುವ ಎಮ್ಮೆಯು ಸೆಪ್ಟೆಂಬರ್ ಮೊದಲ ವಾರದ ವೇಳೆಗೂ ಈಯುವುವು. ಆಗ ಮಳೆಯಿಂದ ಬದುಗಳಲ್ಲಿ ಹುಲ್ಲು ಚಿಗುರಿರುವುದು. ಮುಂದೆ ರಾಗಿಯ ಕೊಯ್ಲಾಗಿ ಹುಲ್ಲು ಮನೆಗೆ ಬರುವುದು. ಮಳವಳ್ಳಿಯ ಮಳೆಯಾಶ್ರಯದ ಹಳ್ಳಿಗಳಿಗೆ ಇದು ಒಪ್ಪುವ ಕಾಲ. ಬಿರುಬೇಸಗೆಯಲ್ಲಿ ಊರಿನ ಹಸುಗಳೆಲ್ಲವೂ ಈಯುವಂತೆ ಮಾಡಿದರೆ ಮೇವಿಲ್ಲದೆ ತಾಯಿಯೂ ಕರುವೂ ಬಡವಾಗುವುವು.

ಹೋರಿಯ ಆಯ್ಕೆಯು ಅದಕ್ಕಿಂತಲೂ ಮುಖ್ಯ. ಒಂದು ಹಸುವಿಗೆ ತಪ್ಪು ವೀರ್ಯ ಕೊಡಿಸಿದರೆ ಒಂದು ಮನೆಯ ತಪ್ಪು. ಐವತ್ತು ಹಸುಗಳಿಗೆ ಒಂದೇ ದಿನ ಕೊಡಿಸಿದರೆ ಇಡೀ ಊರಿನ ತಪ್ಪು. ಈ ವಿಷಯದಲ್ಲಿ ಮೂರು ಸಂಗತಿಗಳನ್ನು ನೆನಪಿನಲ್ಲಿಡತಕ್ಕದ್ದು.

ಮೊದಲನೆಯದಾಗಿ, ಈ ಜಿಲ್ಲೆಯು ಹಳ್ಳಿಕಾರ್ ತಳಿಯ ತವರು. ಹೇಮಗಿರಿ, ಮುಡುಕುತೊರೆಗಳ ದನಗಳ ಜಾತ್ರೆಗಳಲ್ಲಿ ಹಳ್ಳಿಕಾರ್ ಜೋಡಿಗೆ ಇರುವ ಗೌರವವನ್ನು ಹೇಳಬೇಕಾದುದಿಲ್ಲ. ಶುದ್ಧ ಹಳ್ಳಿಕಾರ್ ಹಸುವಿಗೆ ಹಳ್ಳಿಕಾರ್ ಹೋರಿಯ ವೀರ್ಯವನ್ನೇ ಕೊಡಿಸತಕ್ಕದ್ದು. ಹಾಲಿನ ಆಸೆಯಿಂದ ಊರಿನ ಹಸುಗಳೆಲ್ಲವನ್ನೂ ಒಂದೇ ಶಿಬಿರದಲ್ಲಿ ವಿದೇಶೀ ತಳಿಗೆ ಕೂಡಿಸಿದರೆ, ಅನೇಕ ತಲೆಮಾರುಗಳು ಕಾಪಾಡಿದ ತಳಿಯು ಆ ಊರಿನಿಂದ ಒಂದೇ ವರ್ಷದಲ್ಲಿ ಜಾರಿಹೋಗುವುದು. ಹಾಲಿಗೆ ಮಿಶ್ರತಳಿಯ ಹಸುಗಳನ್ನು ಬೇರೆಯಾಗಿ ಸಾಕಬಹುದು.

ಎರಡನೆಯದಾಗಿ, ಸಣ್ಣ ಮೈಕಟ್ಟಿನ ಕಡಸಿಗೆ ದೊಡ್ಡ ತಳಿಯ ಹೋರಿಯ ವೀರ್ಯವನ್ನು ಕೊಡಿಸಬಾರದು. ಕರುವು ದೊಡ್ಡದಾಗಿ ಈಯುವಾಗ ತಾಯಿಯ ಪ್ರಾಣಕ್ಕೇ ಅಪಾಯವುಂಟಾಗಬಹುದು.

ಮೂರನೆಯದಾಗಿ, ವೀರ್ಯದ ಕಡ್ಡಿಯ ಮೇಲೆ ಹೋರಿಯ ಸಂಖ್ಯೆಯು ಅಚ್ಚಾಗಿರುವುದು. ಅದನ್ನು ಹಸುವಿನ ಕಿವಿಯ ಬಿಲ್ಲೆಯ ಸಂಖ್ಯೆಯೊಡನೆ ಬರೆದಿಡತಕ್ಕದ್ದು. ಒಂದೇ ಹೋರಿಯ ವೀರ್ಯದಿಂದ ಊರಿನಲ್ಲಿ ಹತ್ತಾರು ಹೆಣ್ಣುಕರುಗಳು ಹುಟ್ಟಿ, ಎರಡು ಮೂರು ವರ್ಷಗಳಲ್ಲಿ ಬೆದೆಗೆ ಬಂದಾಗ, ಲೆಕ್ಕವಿಲ್ಲದಿದ್ದರೆ ಅದೇ ಹೋರಿಯ ವೀರ್ಯವನ್ನೇ ಕೊಟ್ಟು ತಂದೆಗೂ ಮಗಳಿಗೂ ಕೂಡಿಸಿದಂತಾಗುವುದು. ಅದರಿಂದ ತಳಿಯು ಕ್ಷೀಣಿಸುವುದು.

೮. ಗ್ರಾಮದ ಯಜಮಾನರ ಕರ್ತವ್ಯ

ನಾಲೆಯ ನೀರಿನಂತೆ ಈ ಕೆಲಸವೂ ಒಬ್ಬನಿಂದ ಆಗತಕ್ಕದ್ದಲ್ಲ. ಊರಿನಲ್ಲಿ ನಲವತ್ತು ಹಸುಗಳು ಚದರಿ ಬೆದೆಗೆ ಬಂದರೆ ಕೆಲಸಗಾರನು ಪ್ರತಿದಿನವೂ ಬರಬೇಕು. ಒಟ್ಟಿಗೆ ಬಂದರೆ ಗೊತ್ತಾದ ದಿನಗಳಲ್ಲಿ ಬಂದರೆ ಸಾಕು. ಯಜಮಾನರು ಊರಿನ ಹಾಲು ಉತ್ಪಾದಕರ ಸಹಕಾರ ಸಂಘದವರನ್ನೂ ಸಮೀಪದ ಪಶುವೈದ್ಯರನ್ನೂ ಕಂಡು ದಿನವನ್ನು ನಿಶ್ಚಯಿಸಬೇಕು. ಜಿಲ್ಲೆಯ ಹಾಲು ಒಕ್ಕೂಟವು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿದೆ. ಸಂಘದ ಮೂಲಕ ಅಲ್ಲಿಯವರನ್ನೂ ವಿಚಾರಿಸಬಹುದು. ಪ್ರತಿ ಮನೆಯ ಹಸು, ಎಮ್ಮೆಗಳ ಪಟ್ಟಿ, ಈದ ತಾರೀಖು, ಕಡೆಯ ಬೆದೆಯ ತಾರೀಖು ಇವನ್ನು ಒಂದು ಪುಸ್ತಕದಲ್ಲಿ ಬರೆಸಬೇಕು. ರಾಸುಗಳನ್ನು ಕಟ್ಟುವುದಕ್ಕೆ ನೆರಳೂ, ಹಿಡಿದು ನಿಲ್ಲಿಸುವುದಕ್ಕೆ ಗಟ್ಟಿಯಾದ ಚೌಕಟ್ಟೂ, ನೀರೂ ಸಿದ್ಧವಾಗಿರಬೇಕು. ಮೊದಲ ಮದ್ದಿಗೆ ಬಂದ ಹಸು ಎರಡನೆಯದಕ್ಕೂ ಬರುವಂತೆ ನೋಡಿಕೊಳ್ಳಬೇಕು. ನಡುವೆ ಬಿಟ್ಟವರಿಗೆ ಹಣವೂ ಹೋಯಿತು, ದಿನವೂ ಹೋಯಿತು.

ಒಂದೇ ಹಸುವುಳ್ಳ ಬಡವರ ಮನೆಯನ್ನು ಈ ಪಟ್ಟಿಯಿಂದ ಬಿಡಬಾರದು. ಹತ್ತು ರಾಸುಗಳುಳ್ಳವನಿಗೆ ಒಂದು ಹಸುವು ಗಬ್ಬ ತಪ್ಪಿದರೆ ಮಿಕ್ಕ ಒಂಬತ್ತು ಇರುವುವು. ಒಂದೇ ಹಸುವಿನ ಹಾಲನ್ನು ಸಂಘಕ್ಕೆ ಹಾಕಿ ಮನೆ ನಡೆಸುವವರಿಗೆ ಒಂದು ಬೆದೆ ತಪ್ಪುವುದೆಂದರೆ ಮುಂದಿನ ಹಾಲಿಗೆ ಇಪ್ಪತ್ತೊಂದು ದಿನ ಹೆಚ್ಚಾಗಿ ಕಾಯುವುದು ಎಂದರ್ಥ. ಶಿಬಿರದ ಸಾಲಿನಲ್ಲಿ ಅಂಥವರ ಹಸುವು ಮೊದಲು ನಿಲ್ಲುವಂತೆ ಮಾಡುವ ಯಜಮಾನರೇ ನಿಜವಾದ ಯಜಮಾನರು.

ಸಾರಾಂಶವಿಷ್ಟೆ. ಗಬ್ಬವಿಲ್ಲವೆಂದು ಮೊದಲು ಪರೀಕ್ಷಿಸಬೇಕು, ಹಸುವಿನ ಹೊಟ್ಟೆಯನ್ನು ತುಂಬಿರಬೇಕು, ಹೇಳಿದ ದಿನಕ್ಕೆ, ಹೇಳಿದ ಗಂಟೆಗೆ ರಾಸನ್ನು ತರಬೇಕು, ಹಳ್ಳಿಕಾರ್ ತಳಿಯನ್ನು ಕೆಡಿಸಬಾರದು, ಲೆಕ್ಕವನ್ನು ಬರೆದಿಡಬೇಕು. ಈ ಐದನ್ನು ನಡೆಸಿದ ಊರಿಗೆ ಮದ್ದು ಸಹಾಯಮಾಡುವುದು. ಇವನ್ನು ಬಿಟ್ಟ ಊರಿಗೆ ಅದೇ ಮದ್ದು ನಷ್ಟವನ್ನು ತರುವುದು.